ನನ್ನ ಅವರೆಕಾಳಿನ ಫೋಟೋ

ನಾನು ಸತ್ತ ಮೇಲೆ ಗೋಡೆಗೆ ಹಾಕಬೇಕಾದ ಫೋಟೋವನ್ನು ನಾನೇ ಆರಿಸಿಟ್ಟಿದ್ದೇನೆ. ಇದರಲ್ಲಿ ಅಪಶಕುನ ಏನೂ ಇಲ್ಲ. ಉಡುವ ಸೀರೆ ನಾನೇ ಆರಿಸುತ್ತೇನೆ, ಬದನೆಕಾಯಿ ತಿರುಗಿಸಿ ನೋಡಿ ನಾನೇ ಆರಿಸುತ್ತೇನೆ. ವರ್ಷಗಟ್ಟಲೆ ಮನೆಯ ಹಾಲಿನ ಗೋಡೆಯ ಮೇಲೆ ಕೂತು ಬಂದವರನ್ನೆಲ್ಲ ನೋಡಬೇಕಾದ ಮುಖವನ್ನು ಮಾತ್ರ ಬೇರೆಯವರ ಕೈಗೆ ಬಿಡಬೇಕೇ?

ಈ ಬುದ್ಧಿ ಬಂದದ್ದು ನನ್ನ ಓರಗಿತ್ತಿ ತೀರಿಕೊಂಡಾಗ. ಆಕೆ ನನ್ನ ಭಾವನವರ ಹೆಂಡತಿ, ಕುಮಾರಸ್ವಾಮಿ ಲೇಔಟಿನಲ್ಲಿ ಮಗನ ಜೊತೆ ಇದ್ದರು. ವೈಕುಂಠ ಸಮಾರಾಧನೆಯ ದಿನ ಹೋದರೆ ಹಾಲಿನಲ್ಲಿ ಒಂದು ದೊಡ್ಡ ಫೋಟೋ, ಅದಕ್ಕೆ ಸುಗಂಧರಾಜದ ಹಾರ. ಫೋಟೋದಲ್ಲಿದ್ದವಳು ಯಾರೋ ಬೆಳ್ಳಗಿನ ಹೆಂಗಸು. ನಾನು ಅಕ್ಕ ಎಂದೇ ಕರೆಯುತ್ತಿದ್ದ ಆಕೆಯ ಮುಖದ ತುಂಬ ಸಿಡುಬಿನ ಕಲೆ ಇತ್ತು, ಮುಂದಿನ ಎರಡು ಹಲ್ಲಿನ ನಡುವೆ ಸಂದು ಇತ್ತು. ಇದರಲ್ಲಿ ಎರಡೂ ಇಲ್ಲ. ಕೆನ್ನೆ ಬೆಣ್ಣೆ ಸವರಿದ ಹಾಗಿದೆ, ಹಲ್ಲು ಪೇಸ್ಟಿನ ಜಾಹೀರಾತಿನ ಹಾಗಿದೆ. ಯಾವುದೋ ಆ್ಯಪಿಗೆ ಹಾಕಿ ಸರಿಮಾಡಿಸಿದ್ದರಂತೆ. ಪಕ್ಕದಲ್ಲಿ ಊಟಕ್ಕೆ ಕೂತಿದ್ದ ಅದೇ ಬೀದಿಯ ಹೆಂಗಸೊಬ್ಬಳು ನನ್ನ ಕಿವಿಯಲ್ಲಿ ಕೇಳಿದಳು: "ಅಮ್ಮ, ಹೋಗಿದ್ದು ಈ ಮನೆ ಅಜ್ಜಿಯ ಮಗಳಾ?"

ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಅಷ್ಟು ವರ್ಷ ಆ ಮುಖ ಹೊತ್ತುಕೊಂಡು ಓಡಾಡಿದವಳಿಗೆ ಕೊನೆಗೆ ಯಾರದೋ ಮುಖ ಅಂಟಿಸಿದ್ದರು.

ವಾಪಸು ಬರುವಾಗ ಆಟೋದಲ್ಲಿ ಮಗನಿಗೆ ಹೇಳಿದೆ: "ನಂಗೇನಾದ್ರೂ ಹಿಂಗ್ ಮಾಡಿದ್ರೆ ಗೋಡೆಯಿಂದ ಇಳಿದು ಬಂದು ಒದೀತೀನಿ."

"ಅಮ್ಮ, ಊಟ ಮಾಡ್ಕೊಂಡು ಬರ್ತಿದೀವಿ. ಈಗ್ಯಾಕೆ ಆ ಮಾತು?"

"ಆಮೇಲೆ ಮಾತಾಡಕ್ಕೆ ನಂಗೆ ಬಾಯಿರಲ್ಲ. ಈಗ್ಲೇ ಕೇಳಿಸ್ಕೋ."

ಆಟೋದವನು ಕನ್ನಡಿಯಲ್ಲಿ ನೋಡಿ ನಕ್ಕ. ಮಗ ನಗಲಿಲ್ಲ.

ಮನೆಗೆ ಬಂದು ಇದ್ದಬದ್ದ ಫೋಟೋಗಳನ್ನೆಲ್ಲ ತೆಗೆಸಿ ನೋಡಿದೆ. ಮದುವೆ ಮನೆಗಳಲ್ಲಿ ಹೆಣ್ಣು ಗಂಡಿನ ಪಕ್ಕ ನಿಂತು ತೆಗೆಸಿಕೊಂಡವು ಬೇಕಾದಷ್ಟಿವೆ. ಎಲ್ಲದರಲ್ಲೂ ಊಟಕ್ಕೆ ತಡವಾಯಿತು ಅನ್ನುವ ಮುಖವೇ. ಆಧಾರ್ ಕಾರ್ಡಿನ ಫೋಟೋದ ಬಗ್ಗೆ ಮಾತಾಡದಿರುವುದು ಒಳ್ಳೆಯದು. ನಾನು ನಾನೇ ಆಗಿರುವ ಫೋಟೋ ಸಿಕ್ಕಿದ್ದು ಒಂದೇ. ಅದು ಮೊಮ್ಮಗಳ ಫೋನಿನಲ್ಲಿತ್ತು, ಮುಕ್ಕಾಲು ಪಾಲು ಕಪ್ಪಾಗಿತ್ತು.

ಆ ಫೋಟೋ ಹೇಗೆ ಬಂತು ಅನ್ನುವುದನ್ನು ಹೇಳಬೇಕು.

ಅವರೆಕಾಯಿ ಕಾಲದಲ್ಲಿ ನಮ್ಮ ಬನಶಂಕರಿ ಮನೆಯಲ್ಲಿ ಹಿತಕಿದ ಬೇಳೆ ಸಾರು ಆಗಲೇಬೇಕು. ಬೆಳಿಗ್ಗೆ ಕಾಯಿ ಸುಲಿದು ಕಾಳನ್ನು ನೀರಿಗೆ ಹಾಕಿದರೆ ಸಂಜೆ ಹೊತ್ತಿಗೆ ಸಿಪ್ಪೆ ಸಡಿಲವಾಗುತ್ತದೆ. ಆಮೇಲೆ ಒಂದೊಂದೇ ಕಾಳನ್ನು ಎರಡು ಬೆರಳಿನ ನಡುವೆ ಹಿತಕಬೇಕು. ಬೇಳೆ ಪಚಕ್ಕನೆ ಹಾರಿ ಪಾತ್ರೆಗೆ ಬೀಳುತ್ತದೆ, ಸಿಪ್ಪೆ ಕೈಯಲ್ಲಿ ಉಳಿಯುತ್ತದೆ. ಕಷ್ಟದ ಕೆಲಸವಲ್ಲ, ಮುಗಿಯದ ಕೆಲಸ. ಕೈಗಳು ಎಷ್ಟಿದ್ದರೂ ಸಾಲದು.

ನನ್ನ ಗಂಡ ಸರ್ಕಾರಿ ಆಫೀಸಿನಲ್ಲಿದ್ದವರು. ಅಡುಗೆಮನೆಯ ಕೆಲಸಕ್ಕೆ ಕೈ ಹಾಕಿದವರಲ್ಲ, ಕುಡಿಯುವ ನೀರನ್ನೂ ಕೂತಲ್ಲಿಗೇ ಕೇಳುವವರು. ಅವರನ್ನು ಹಾಗೆ ಬೆಳೆಸಿದ್ದರು, ಅವರೂ ಹಾಗೇ ಇದ್ದರು. ಆದರೆ ಕರೆಂಟ್ ಹೋದಾಗ ಮಾತ್ರ ಬೇರೆ ಮನುಷ್ಯ. ಮದುವೆಯಾದ ಹೊಸತರಲ್ಲಿ ಒಂದು ಸಂಜೆ ಕರೆಂಟ್ ಹೋಗಿತ್ತು. ನಾನು ಮೇಣದಬತ್ತಿ ಇಟ್ಟುಕೊಂಡು ಕಾಳು ಹಿತಕುತ್ತ ಕೂತಿದ್ದೆ. ಅವರು ತಡವರಿಸಿಕೊಂಡು ಒಳಗೆ ಬಂದರು. "ಪೇಪರ್ ಓದಕ್ಕಾಗಲ್ಲ, ಸುಮ್ನೆ ಕೂತ್ರೆ ನಿದ್ದೆ ಬರತ್ತೆ," ಎಂದು ಹೇಳಿ ಅಕ್ಕಿ ಡಬ್ಬಕ್ಕೆ ಒರಗಿ ಕೂತು, ಪಾತ್ರೆಗೆ ಕೈ ಹಾಕಿದರು. ನಾನು ಏನೂ ಅನ್ನಲಿಲ್ಲ. ಅಂದಿದ್ದರೆ ಎದ್ದು ಹೋಗುತ್ತಿದ್ದರು. ಕರೆಂಟ್ ಬಂದ ತಕ್ಷಣ ಟವೆಲ್ಲಿಗೆ ಕೈ ಒರೆಸಿಕೊಂಡು ಹಾಲಿಗೆ ಹೋಗಿ ಪೇಪರ್ ಹಿಡಿದರು, ಏನೂ ಆಗಲೇ ಇಲ್ಲ ಎಂಬಂತೆ.

ಆಮೇಲೆ ಅದೇ ಅಭ್ಯಾಸವಾಯಿತು. ಕತ್ತಲಾದರೆ ಒಳಗೆ, ಬೆಳಕಾದರೆ ಹೊರಗೆ. ಮಗನಿಗೂ ಗೊತ್ತಿರಲಿಲ್ಲ. ಅವನು ಆ ಹೊತ್ತಿನಲ್ಲಿ ಬೀದಿಯಲ್ಲಿ ಆಡುತ್ತಿದ್ದ. ಮುಂದೆ ಮನೆಗೆ ಯುಪಿಎಸ್ ಬಂತು, ನನಗೆ ಒಂದು ಜೊತೆ ಕೈ ಕಡಿಮೆಯಾಯಿತು. ಎಲ್ಲರೂ ಯುಪಿಎಸ್ಸನ್ನು ಹೊಗಳುತ್ತಿದ್ದರು. ನಾನು ಹೊಗಳಲಿಲ್ಲ.

ಕೆಲವು ವರ್ಷದ ಹಿಂದೆ ಒಂದು ಚಳಿಗಾಲದಲ್ಲಿ ಅದರ ಬ್ಯಾಟರಿ ಸತ್ತಿತ್ತು, ಸಂಜೆ ಕರೆಂಟೂ ಹೋಯಿತು. ಲೋಟವನ್ನು ಬೋರಲು ಹಾಕಿ ಅದರ ಮೇಲೆ ಮೇಣದಬತ್ತಿ ನಿಲ್ಲಿಸಿದ್ದೆ. ಸ್ವಲ್ಪ ಹೊತ್ತಿಗೆ ಅವರು ಬಂದು ತಮ್ಮ ಮೂಲೆಯಲ್ಲಿ ಕೂತರು. ಮಂಡಿ ನೋವಿತ್ತು, ಆದರೂ ಕೂತರು. ಬೆಳಕು ನನ್ನ ಮುಖದವರೆಗೆ ಬರುತ್ತಿತ್ತು, ಅವರವರೆಗೆ ಹೋಗುತ್ತಿರಲಿಲ್ಲ. ಅಷ್ಟರಲ್ಲಿ ಮೊಮ್ಮಗಳು ಟ್ಯೂಷನ್ ಮುಗಿಸಿ ಬಂದು ಬಾಗಿಲಲ್ಲಿ ನಿಂತಳು. ಅವಳ ಕೈಯಲ್ಲಿ ಹೊಸ ಫೋನು.

"ಅಜ್ಜಿ, ಸಖತ್ತಾಗಿ ಕಾಣ್ತಿದೀಯ. ಅಲ್ಲಾಡ್ಬೇಡ. ತಾತ ಎಲ್ಲಿ?"

"ಎಲ್ಲೋ ಹೊರಗೆ ಹೋಗಿದಾರೆ," ಎಂದೆ.

ಹೊರಗೆ ಹೋದ ತಾತ ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂತಿದ್ದರು. ಬೆರಳಿನ ನಡುವೆ ಒಂದು ಕಾಳು ಅರ್ಧ ಹಿತಕಿದ ಹಾಗೇ ಇತ್ತು. ಅದು ಅವರ ಮಾತು ಕೇಳಲಿಲ್ಲ. ಪಚಕ್ಕನೆ ಹಾರಿ ನನ್ನ ಮೂಗಿಗೆ ಬಡಿಯಿತು. ನಾನು ನಗು ತಡೆಯಲು ತುಟಿ ಕಚ್ಚಿಕೊಂಡು ಅವರ ಕಡೆಗೆ ಓರೆಗಣ್ಣಲ್ಲಿ ನೋಡಿದೆ. ಅವಳು ತೆಗೆದದ್ದು ಆಗ.

ಮುಂದಿನ ಮಳೆಗಾಲದಲ್ಲಿ ಅವರು ಹೋದರು. ಹಾಲಿನಲ್ಲಿ ಅವರ ಫೋಟೋ ಇದೆ. ಸ್ಟುಡಿಯೋದವರ ಕೋಟು ಹಾಕಿಕೊಂಡು, ಸ್ಟುಡಿಯೋದವರೇ ಕಪ್ಪು ಮಾಡಿದ ಮೀಸೆ ಇಟ್ಟುಕೊಂಡು, ಯಾವುದೋ ಅರ್ಜಿಯನ್ನು ತಿರಸ್ಕರಿಸುವವರ ಹಾಗೆ ಕೂತಿದ್ದಾರೆ.

ಇರಲಿ. ನನ್ನ ಫೋಟೋಕ್ಕೆ ಬರುತ್ತೇನೆ. ಅದೇ ಬೇಕು ಎಂದಾಗ ಮಗ ಫೋನ್ ಹಿಡಿದು ಕಣ್ಣು ಕಿರಿದು ಮಾಡಿದ.

"ಇದ್ರಲ್ಲಿ ಏನಮ್ಮಾ ಕಾಣತ್ತೆ? ಬರೀ ಕತ್ತಲು."

"ಕಾಣೋ ಹಾಗೆ ಮಾಡಿಸು."

"ಅಷ್ಟೇನಾ, ಚಿಟಿಕೆ ಹೊಡೆಯೋದ್ರಲ್ಲಿ ಮಾಡ್ಕೊಡ್ತೀನಿ," ಎಂದ. ಮಾಡಿಯೂ ಕೊಟ್ಟ. ಅವನು ಹಾಕಿದ್ದು ನನ್ನ ಓರಗಿತ್ತಿಯ ಮನೆಯವರು ಹಾಕಿದ ಆ್ಯಪಿಗೇ ಇರಬೇಕು, ಅಡುಗೆ ಒಂದೇ ಕೈಯದು ಅಂತ ನೋಡಿದರೇ ತಿಳಿಯುತ್ತಿತ್ತು. ಮುಖ ಹಾಲಿನಷ್ಟು ಬಿಳಿ. ಗಲ್ಲದ ಮೇಲೆ ಒಗ್ಗರಣೆ ಸಿಡಿದ ಕಲೆ ಇದೆ ನನಗೆ, ಅದು ಮಾಯ. ಕಚ್ಚಿಕೊಂಡಿದ್ದ ತುಟಿಯನ್ನು ಬಿಡಿಸಿ ಹಲ್ಲು ಕಿರಿಯುವ ಹಾಗೆ ಮಾಡಿತ್ತು. ಪಾತ್ರೆಯಲ್ಲಿದ್ದ ಅವರೆಕಾಳು ದ್ರಾಕ್ಷಿಯಾಗಿತ್ತು.

ಇನ್ನೊಂದು ತಮಾಷೆ ಇತ್ತು. ಕತ್ತಲಿದ್ದ ಮೂಲೆಯಲ್ಲಿ ಒಂದು ಕೈ ಬಂದಿತ್ತು. ನುಣುಪಾದ ಕೈ, ಅದಕ್ಕೆ ಚಿನ್ನದ ಬಳೆ.

ಸೊಸೆ ಬಗ್ಗಿ ನೋಡಿದಳು. "ಅತ್ತೆ, ಇದ್ಯಾರ ಕೈ? ನಂದಂತೂ ಅಲ್ಲ. ಆವತ್ತು ನಾನಿನ್ನೂ ಆಫೀಸಿಂದ ಬಂದೇ ಇರ್ಲಿಲ್ಲ."

"ಯಾರದೂ ಅಲ್ಲ, ಆ್ಯಪು ಏನೋ ಸೇರಿಸ್ಬಿಟ್ಟಿದೆ," ಎಂದ ಮಗ.

ಸೇರಿಸಿರಲಿಲ್ಲ. ಅಲ್ಲಿ ಒಂದು ಕೈ ಇದೆ ಅನ್ನುವುದು ಆ ಯಂತ್ರಕ್ಕಾದರೂ ಗೊತ್ತಾಗಿತ್ತು, ನನ್ನ ಮಗನಿಗೆ ಗೊತ್ತಾಗಿರಲಿಲ್ಲ. ಆದರೆ ಅಡುಗೆಮನೆಯಲ್ಲಿ ಕಾಳು ಹಿತಕುವ ಕೈ ಹೆಂಗಸಿನದೇ ಇರಬೇಕು ಅಂತ ಅದೂ ತೀರ್ಮಾನ ಮಾಡಿ ಬಳೆ ತೊಡಿಸಿತ್ತು. ನನ್ನ ಗಂಡ ಇದ್ದಿದ್ದರೆ ಅನ್ನ ಬಿಡುತ್ತಿದ್ದರು. ನನಗೆ ನಗು ತಡೆಯಲಾಗಲಿಲ್ಲ. ಮಗ ಸೊಸೆ ಏನು ಅಂತ ಕೇಳಿದರು, ದ್ರಾಕ್ಷಿ ನೋಡಿ ನಗು ಬಂತು ಅಂದೆ. ನನ್ನ ಗಂಡ ಇಷ್ಟು ವರ್ಷ ಕತ್ತಲಲ್ಲಿ ಇಟ್ಟಿದ್ದನ್ನು ನಾನಾಗಿ ಹೇಳುವುದು ಬೇಡ ಅನ್ನಿಸಿತು.

ಆ್ಯಪು ಬೇಡ ಎಂದ ಮೇಲೆ ಮಗ ನನ್ನನ್ನು ಜಯನಗರ ಫೋರ್ತ್ ಬ್ಲಾಕಿನ ಒಂದು ಸ್ಟುಡಿಯೋಕ್ಕೆ ಕರೆದುಕೊಂಡು ಹೋದ. ಅಂಗಡಿಯವರು ಫೋಟೋವನ್ನು ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿ, ಧ್ವನಿ ಇಳಿಸಿ ಕೇಳಿದರು: "ತೀರ್ಕೊಂಡು ಎಷ್ಟು ದಿನ ಆಯ್ತಮ್ಮ? ನಿಮ್ಮ ಅಕ್ಕನಾ?"

"ನಾನೇ ಕಣಪ್ಪ ಅದು."

ಪಾಪ, ಕನ್ನಡಕ ತೆಗೆದು ಒಮ್ಮೆ ನನ್ನನ್ನು, ಒಮ್ಮೆ ಫೋಟೋವನ್ನು ನೋಡಿದರು. "ಸಾರಿ ಅಮ್ಮ. ಆದ್ರೆ ಇದ್ರಲ್ಲಿ ಲೈಟೇ ಇಲ್ಲ. ಒಂದು ರೇಷ್ಮೆ ಸೀರೆ ಉಟ್ಕೊಂಡು ಬನ್ನಿ, ಹೊಸಾದು ತೆಗೆದುಕೊಡ್ತೀನಿ."

"ಆ ಮುಖ ಮಾಡು ಅಂದ್ರೆ ಈಗ ಬರಲ್ಲ. ಇದನ್ನೇ ಸರಿ ಮಾಡಿ."

ಅವರು ತಮ್ಮ ಪ್ರಕಾರ ಸರಿ ಮಾಡಿದರು. ನನ್ನ ಮೈಯಂಚಿಗೆ ಸುತ್ತ ಕತ್ತರಿಸಿ, ಕತ್ತಲು, ಪಾತ್ರೆ, ಮೇಣದಬತ್ತಿ ಎಲ್ಲ ಎತ್ತಿ ಆಚೆಗೆ ಹಾಕಿ, ಹಿಂದೆ ನೀಲಿ ಬಣ್ಣ ತುಂಬಿದರು. ಮುಖವನ್ನು ಆ್ಯಪಿನಷ್ಟು ಕೆಡಿಸಲಿಲ್ಲ ಅನ್ನುವುದನ್ನು ಒಪ್ಪಬೇಕು. ಕಲೆ ಉಳಿದಿತ್ತು, ಸುಕ್ಕು ಉಳಿದಿತ್ತು. ಮಗನಿಗೆ ಒಪ್ಪಿಗೆಯಾಯಿತು.

"ನೋಡಮ್ಮಾ, ನೀನೇ. ಇನ್ನೇನು ಬೇಕು?"

ನಾನು ನೋಡಿದೆ. ಮುಖ ನನ್ನದೇ. ಆದರೆ ನೀಲಿ ಬಣ್ಣದ ಮುಂದೆ ಒಬ್ಬ ಮುದುಕಿ ತುಟಿ ಕಚ್ಚಿಕೊಂಡು, ಯಾರೂ ಇಲ್ಲದ ಕಡೆ ಓರೆಗಣ್ಣಲ್ಲಿ ನೋಡಿ ನಗುತ್ತಿದ್ದಾಳೆ. ತಲೆ ಕೆಟ್ಟವಳ ಹಾಗೆ. ಮುಖ ಸರಿಯಿದ್ದ ಮಾತ್ರಕ್ಕೆ ಫೋಟೋ ಸರಿಯಾಗುವುದಿಲ್ಲ. ಆ ಮುಖ ಯಾವುದನ್ನು ನೋಡುತ್ತಿದೆ ಅನ್ನುವುದು ಬೇಕು. ಅದು ನನಗೆ ಅಂಗಡಿಯಲ್ಲಿ ನಿಂತಾಗ ಹೊಳೆಯಿತು. ಬೇಡ ಎಂದು ಹೇಳಿ ಇಳಿದು ಬಂದೆ.

ಮೊಮ್ಮಗಳು ಇಷ್ಟು ದಿನ ಪರೀಕ್ಷೆ ಅಂತ ಕೋಣೆಯಲ್ಲಿದ್ದಳು. ಮುಗಿದ ಮೇಲೆ ಲ್ಯಾಪ್‌ಟಾಪ್ ತಂದು ಊಟದ ಮೇಜಿನ ಮೇಲಿಟ್ಟಳು. ಹಗಲು ಹೊತ್ತು, ಕಿಟಕಿಯ ಪರದೆ ಎಳೆಸಿದಳು. ಬಿಸಿಲಿದ್ದರೆ ಸ್ಕ್ರೀನಿನ ಮೇಲಿನ ಕತ್ತಲು ಸರಿಯಾಗಿ ಕಾಣುವುದಿಲ್ಲವಂತೆ. ಅವಳ ಕೆಲಸ ನನಗೆ ಹಿಡಿಸಿತು. ಚಿಟಿಕೆ ಹೊಡೆಯುವ ಅವಸರ ಇಲ್ಲ, ಸಣ್ಣ ಉರಿಯಲ್ಲಿ ಇಟ್ಟು ನೋಡುತ್ತ ಹೋಗುವ ಕೆಲಸ. ಮುಖಕ್ಕೊಂದು ಗುಂಡಿ, ಬಣ್ಣಕ್ಕೊಂದು ಗುಂಡಿ, ಕತ್ತಲ ಭಾಗವನ್ನು ಮಾತ್ರ ಎತ್ತುವುದಕ್ಕೆ ಇನ್ನೊಂದು. ಅವನ್ನು ಆಚೀಚೆ ಎಳೆಯುತ್ತಾಳೆ, ಫೋಟೋ ಬದಲಾಗುತ್ತದೆ.

ಮೊದಲು ಅವಳು ಹಳದಿ ತೆಗೆದಳು. ಮೇಣದಬತ್ತಿಯ ಹಳದಿ ಎಲ್ಲದರ ಮೇಲೂ ಕೂತಿತ್ತು. ತೆಗೆದ ಕೂಡಲೇ ನನ್ನ ಸೀರೆ ಹಸಿರಾಯಿತು.

"ನೋಡಜ್ಜಿ, ಇದೇ ಅಲ್ವಾ ನಿನ್ನ ಸೀರೆಯ ನಿಜವಾದ ಬಣ್ಣ?"

"ಸೀರೆ ಹಸಿರೇ. ಆದ್ರೆ ಆವತ್ತು ಸಾಯಂಕಾಲ ಅದನ್ನ ಹಸಿರಾಗಿ ಯಾರು ನೋಡಿದ್ರು? ನೀನು ನೋಡಿದ್ಯಾ?"

"ಇಲ್ಲ."

"ಮತ್ತೆ? ಹಳದಿ ವಾಪಸ್ ಹಾಕು. ಟ್ಯೂಬ್‌ಲೈಟ್ ಕೆಳಗೆ ಕೂತೋಳ್ ಥರ ಕಾಣ್ತೀನಿ."

"ಪೂರ್ತಿ ಹಾಕಿದ್ರೆ ಕಾಮಾಲೆ ಥರ ಕಾಣ್ತೀಯ."

"ಹಂಗಾದ್ರೆ ಅರ್ಧ ಹಾಕು."

ಹಳದಿಯಲ್ಲಿ ಅರ್ಧ ಉಳಿಸಿದಳು. ಅದು ಸರಿಯಾಯಿತು. ಆಮೇಲೆ ಕತ್ತಲು ಎತ್ತುವ ಗುಂಡಿಗೆ ಕೈ ಹಾಕಿದಳು. ನಾನು ಬೇಡ ಅನ್ನಬಹುದಾಗಿತ್ತು. ಅನ್ನಲಿಲ್ಲ. ಸ್ಟುಡಿಯೋದಲ್ಲಿ ನೋಡಿದ್ದು ಮನಸ್ಸಿನಲ್ಲಿತ್ತು.

ಕತ್ತಲು ತೆಳುವಾಗುತ್ತ ಬಂತು. ಫೋಟೋದ ಮೇಲೆಲ್ಲ ರವೆ ಚೆಲ್ಲಿದ ಹಾಗಾಯಿತು. ಕತ್ತಲಲ್ಲಿ ತೆಗೆದದ್ದನ್ನು ಎಳೆದು ಬೆಳಕು ಮಾಡಿದರೆ ಹಾಗೆ ಕಾಳುಕಾಳಾಗಿ ಒಡೆಯುತ್ತದಂತೆ. ಮೊದಲು ಅಕ್ಕಿ ಡಬ್ಬ ಕಂಡಿತು. ಆಮೇಲೆ ಪಂಚೆಯ ಅಂಚು. ಆಮೇಲೆ ಪಾತ್ರೆಯ ಮೇಲೆ ಎರಡು ಕೈ. ಅವಳು ಗುಂಡಿ ಬಿಟ್ಟು ಬೆರಳಿಟ್ಟು ತೋರಿಸಿದಳು. ಕೈಗಡಿಯಾರ ಇತ್ತು. ಅದರ ಮುಖ ಮಣಿಕಟ್ಟಿನ ಒಳಗಡೆಗೆ ತಿರುಗಿತ್ತು. ನಮ್ಮ ಮನೆಯಲ್ಲಿ ಹಾಗೆ ಕಟ್ಟುತ್ತಿದ್ದವರು ಒಬ್ಬರೇ.

"ಅಜ್ಜಿ! ತಾತ!"

"ಹೂಂ."

"ಹೊರಗೆ ಹೋಗಿದಾರೆ ಅಂದ್ಯಲ್ಲ ಆವತ್ತು!"

"ಹೊರಗೆ ಹೋಗೋರೇ. ಕರೆಂಟ್ ಬರೋವರ್ಗೂ ಕಾಯ್ತಿದ್ರು."

ಅವಳು ಬಿದ್ದು ಬಿದ್ದು ನಕ್ಕಳು. ನಾನು ಎಲ್ಲವನ್ನೂ ಹೇಳಿದೆ. ಹೇಳಿದ ಮೇಲೆ ಗುಂಡಿಯನ್ನು ಇನ್ನೂ ಎಳೆದಳು. ಅವರ ಮುಖವೂ ಬಂತು, ರವೆಯೊಳಗೆ ಮುಚ್ಚಿದ ಹಾಗೆ, ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡು. ಕಣ್ಣು ಮುಚ್ಚಿದರೆ ತಾವು ಕಾಣುವುದಿಲ್ಲ ಅಂದುಕೊಂಡಿದ್ದರೋ ಏನೋ.

ಸಂಜೆ ಮಗ ಬಂದು ನೋಡಿದ. ಅವನು ನಗಲಿಲ್ಲ. ಬಹಳ ಹೊತ್ತು ನೋಡಿ, "ಅಪ್ಪ ಈ ಕೆಲ್ಸ ಮಾಡ್ತಿದ್ರಾ?" ಎಂದ.

"ಪ್ರತಿ ಚಳಿಗಾಲಾನೂ. ಯುಪಿಎಸ್ ಹಾಕ್ಸಿ ನೀನೇ ಬಿಡಿಸಿದ್ದು."

"ಅಮ್ಮ, ಇದನ್ನ ಹಾಕೋದು ಬೇಡ. ಬಂದೋರೆಲ್ಲ ನೋಡ್ತಾರೆ. ಅಪ್ಪ ಹೆಂಗಿದ್ರು ಅಂತ ಎಲ್ರಿಗೂ ಗೊತ್ತು. ಅವರಿದ್ದಿದ್ರೆ ಒಪ್ತಿರ್ಲಿಲ್ಲ. ಆ ಭಾಗ ಕತ್ತರಿಸಿಬಿಡಣ."

"ಅವರಿದ್ದಿದ್ರೆ ನಾನೂ ಫೋಟೋ ಹುಡುಕ್ತಾ ಕೂರ್ತಿರ್ಲಿಲ್ಲ, ಅವರ ಕೈಲಿ ಕಾಳು ಹಿತಕಿಸ್ತಿದ್ದೆ."

"ಅಮ್ಮ, ತಮಾಷೆ ಅಲ್ಲ."

ತಮಾಷೆಯಲ್ಲ ಅನ್ನುವುದು ನನಗೂ ಗೊತ್ತಿತ್ತು. ಅವನು ಹೇಳಿದ್ದರಲ್ಲಿ ಒಂದು ಮಾತು ನಿಜ. ಅವರು ಒಪ್ಪುತ್ತಿರಲಿಲ್ಲ. ಕತ್ತಲಲ್ಲಿ ಮಾತ್ರ ಬಂದವರನ್ನು ಎಳೆದು ಬೆಳಕಿಗೆ ಹಾಕುವುದು ಸರಿಯಲ್ಲ. ಆದರೆ ಅವರನ್ನು ಕತ್ತರಿಸಿದರೆ ಗೋಡೆಯ ಮೇಲೆ ನಾನು ತಲೆ ಕೆಟ್ಟವಳ ಹಾಗೆ ಒಬ್ಬಳೇ ನಗುತ್ತ ಇರಬೇಕು. ಇದು ನನ್ನ ಫೋಟೋ. ಹಾಗಂತ ಪೂರ್ತಿ ನನ್ನದಲ್ಲ, ಮೂಲೆ ಅವರದು.

ನಾನು ಓದಿದ್ದು ನಾಲ್ಕನೇ ಕ್ಲಾಸು. ಆದರೆ ಪಾಕ ಎಲ್ಲಿಗೆ ಬಂದಾಗ ಒಲೆ ಆರಿಸಬೇಕು ಅನ್ನುವುದು ಗೊತ್ತು. ಮೊಮ್ಮಗಳ ಪಕ್ಕ ಕುರ್ಚಿ ಎಳೆದುಕೊಂಡು ಕೂತೆ.

"ಆ ಗುಂಡಿ ಹಿಂದಕ್ಕೆ ಎಳಿ. ಮೆಲ್ಲಗೆ."

ಮುಖ ಹೋಯಿತು.

"ಇನ್ನೂ ಸ್ವಲ್ಪ."

ಪಂಚೆ ಹೋಯಿತು, ಡಬ್ಬ ಹೋಯಿತು, ರವೆಯೂ ಕಡಿಮೆಯಾಯಿತು.

"ನಿಲ್ಸು."

ಎರಡು ಕೈ ಉಳಿದವು. ಅದರಲ್ಲಿ ಗಡಿಯಾರ ಕಟ್ಟಿದ್ದು ಒಂದು, ಬೆರಳು ಮಡಿಸಿದ್ದು ಇನ್ನೊಂದು. ಕೂತು ನೋಡಿದರೆ ಕಾಣುತ್ತದೆ, ಸುಮ್ಮನೆ ಹಾದು ಹೋಗುವವರಿಗೆ ಕಾಣುವುದಿಲ್ಲ. ನಾನು ನೋಡುತ್ತಿರುವುದು ಆ ಕೈಗಳನ್ನು ಅನ್ನುವುದೂ ತಿಳಿಯುತ್ತದೆ.

"ಮುಖ ಬೇಡ," ಎಂದು ಮಗನಿಗೆ ಹೇಳಿದೆ. "ಮುಖ ಆಗ್ಲೇ ಹಾಲಲ್ಲಿದೆ, ಕೋಟು ಹಾಕ್ಕೊಂಡು. ನಂಗೆ ಕೈ ಸಾಕು."

ಮಗ ಇನ್ನೊಮ್ಮೆ ನೋಡಿದ. ಅವನ ಅಪ್ಪನ ಗಡಿಯಾರ ಈಗ ಅವನೇ ಕಟ್ಟುತ್ತಾನೆ, ಮುಖ ಹೊರಗಡೆಗೆ. ಎದ್ದು ಹೋದ. ಒಂದು ವಾರದ ಮೇಲೆ ಅವನೇ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿಕೊಂಡು ತಂದ. ಮೂಲೆ ಕತ್ತರಿಸಿದ್ದಾನೇನೋ ಎಂದು ಮೊದಲು ಅದನ್ನೇ ನೋಡಿದೆ. ಕತ್ತರಿಸಿರಲಿಲ್ಲ.

ಬದುಕಿರುವವರ ಫೋಟೋವನ್ನು ಸತ್ತವರ ಪಕ್ಕ ಹಾಕಬಾರದು ಎಂದು ಸೊಸೆ ತಕರಾರು ತೆಗೆದಳು. ಹಾಗಾಗಿ ಸದ್ಯಕ್ಕೆ ಅಡುಗೆಮನೆಯಲ್ಲಿ ಹಾಕಿದ್ದೇವೆ, ಅಕ್ಕಿ ಡಬ್ಬದ ಮೇಲಿನ ಗೋಡೆಗೆ. ನನ್ನ ಸರದಿ ಬಂದಾಗ ಹಾಲಿಗೆ ಹೋಗುತ್ತದೆ.

ಹೋದ ತಿಂಗಳು ನನ್ನ ನಾದಿನಿ ತಲಘಟ್ಟಪುರದಿಂದ ಬಂದಿದ್ದಳು. ನನ್ನ ಗಂಡನ ತಂಗಿ, ಅವಳಿಗೂ ವಯಸ್ಸಾಗಿದೆ. ಕಾಫಿ ಕುಡಿಯುತ್ತ ಫೋಟೋ ನೋಡಿದಳು.

"ಚೆನ್ನಾಗಿದೆ ಅತ್ತಿಗೆ. ಆದ್ರೆ ಇನ್ನೊಂಚೂರು ಬೆಳಕಿರ್ಬೇಕಿತ್ತು. ಪಕ್ಕದಲ್ಲಿರೋದು ಯಾರ ಕೈ, ಕೆಲಸದವಳದಾ?"

"ಹತ್ರ ಹೋಗಿ ನೋಡು."

ಲೋಟ ಕೆಳಗಿಟ್ಟು ಹೋಗಿ ನೋಡಿದಳು. ಕನ್ನಡಕ ಸರಿಮಾಡಿಕೊಂಡು ಮತ್ತೆ ನೋಡಿದಳು.

"ನಮ್ಮಣ್ಣನ ವಾಚು ಇದು."

"ಕೈನೂ ಅವರದೇ."

"ಅವನು ಕಾಳು ಹಿತಕ್ತಿದ್ನಾ? ನಮ್ಮನೇಲಿ ಉಂಡ ತಟ್ಟೆ ಎತ್ತಿದೋನಲ್ಲ!"

"ನಿಮ್ಮನೇಲಿ ಎಲ್ರೂ ನೋಡ್ತಿದ್ರಿ. ಇಲ್ಲಿ ಕರೆಂಟ್ ಇರ್ಲಿಲ್ಲ."

ಅವಳು ಅಲ್ಲೇ ನಿಂತಿದ್ದಳು. ಕಾಫಿ ಆರಿತು, ಮತ್ತೆ ಬಿಸಿ ಮಾಡಿಕೊಟ್ಟೆ. ಹೋಗುವಾಗ, ಇದಕ್ಕೆ ಹಾರ ಹಾಕುವ ಕಾಲ ಬೇಗ ಬಾರದಿರಲಿ ಎಂದು ಏನೋ ಶುರುಮಾಡಿದಳು. ಬರುವ ಕಾಲಕ್ಕೆ ಬರುತ್ತದೆ ಬಿಡು ಅಂದೆ.

ಹಾರದ ವಿಷಯ ಮೊಮ್ಮಗಳಿಗೆ ಹೇಳಿಟ್ಟಿದ್ದೇನೆ, ಇಲ್ಲೂ ಬರೆದುಬಿಡುತ್ತೇನೆ. ದಪ್ಪ ಹಾರ ಬೇಡ. ಮಲ್ಲಿಗೆಯದು ಒಂದೆಳೆ ಸಾಕು. ಅದನ್ನೂ ಎಡಗಡೆಗೆ ಸರಿಸಿ ಹಾಕಬೇಕು. ಬಲಗಡೆ ಮೂಲೆಯ ಮೇಲೆ ಬಿದ್ದರೆ ಕೈ ಮುಚ್ಚಿಹೋಗುತ್ತದೆ.